ಹಾಯ್ಗಡದಲ್ಲಿ ಇಂಗ್ಲಿಷ್

ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮವೆಂದರೆ ಭಾರಿ ಏನಲ್ಲ. ಮೂರು ಕೋಣೆ, ಒಂದು ಬೇವಿನ ಮರ, ನೀರಿಗಿಳಿಯುವ ಹನ್ನೆರಡು ಮೆಟ್ಟಿಲು.

ಅಲ್ಲಿದ್ದವರು ಅಡವಯ್ಯ ಅಜ್ಜಾರು. ಕಾವಿ ಉಡುವ ಮೊದಲು ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು. ಕಾವಿ ಉಟ್ಟ ಮೇಲೂ ಕಲಿಸುವ ಚಟ ಬಿಟ್ಟಿರಲಿಲ್ಲ.

ಅವರ ಶಿಷ್ಯ ಮುರಿಗೆಪ್ಪ, ಇಪ್ಪತ್ತಾರು ವರ್ಷದವನು. ಮಾಸ್ತರಿಕೆಯ ಸಂದರ್ಶನಕ್ಕೆ ಎರಡು ಸಲ ಹೋಗಿ, ಎರಡು ಸಲವೂ ಇಂಗ್ಲಿಷ್ ಪ್ರಶ್ನೆಗೆ ಬಾಯಿ ಕಟ್ಟಿ ಎದ್ದು ಬಂದಿದ್ದ. ಇಂಗ್ಲಿಷ್ ಬರುತ್ತಿರಲಿಲ್ಲವೆಂದಲ್ಲ. ಬರುತ್ತಿತ್ತು, ಅದೇ ತೊಂದರೆ. ಒಂದು ಮಾತಿಗೆ ನಾಲ್ಕು ಮಾತು ನೆನಪಾಗಿ, ನಾಲ್ಕರಲ್ಲಿ ಯಾವುದು ಸರಿ ಎಂದು ತೂಗಿ ನೋಡುವಷ್ಟರಲ್ಲಿ ಕೇಳಿದವರು ಮುಂದಿನವನನ್ನು ಕರೆದಿರುತ್ತಿದ್ದರು.

ಆ ದಿನ ಬೆಳಗ್ಗೆ ಅವನು ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದ. ಹೊಳೆಯ ನಡುಗಡ್ಡೆಯಲ್ಲಿರುವ ಹಳೆಯ ಶಾಸನ ನೋಡಲು ಎಡಿತ್ ಎಂಬ ಹೊರದೇಶದ ವಯಸ್ಸಾದ ಹೆಣ್ಣುಮಗಳು ಬರುವವರಿದ್ದರು. ಅವರನ್ನು ನೀರು ದಾಟಿಸುವುದು ನಿನ್ನ ಕೆಲಸ ಎಂದು ಅಜ್ಜಾರು ವಾರದ ಹಿಂದೆಯೇ ಹೇಳಿಬಿಟ್ಟಿದ್ದರು.

ಇವತ್ತೂ ಬಾಯಿ ಕಟ್ಟಿದರೆ ಇಂಗ್ಲಿಷಿಗೆ ಕೈಮುಗಿದು, ಊರಿಗೆ ಹೋಗಿ ಅಣ್ಣನ ಗಿರಣಿಯಲ್ಲಿ ಹಿಟ್ಟು ಬೀಸುವುದೇ ಸೈ ಎಂದು ಮುರಿಗೆಪ್ಪ ತೀರ್ಮಾನಿಸಿದ್ದ. ಚೀಲ ಕಟ್ಟಿಯೂ ಇಟ್ಟಿದ್ದ.

ಅಜ್ಜಾರು ಕೆಳಗಿನ ಮೆಟ್ಟಿಲಲ್ಲಿ ಧೋತರ ಒಗೆಯುತ್ತಿದ್ದರು.

"ಏನ್ ಗೊಣಗಾಕತ್ತೀಯಪ್ಪಾ?"

"ಕಮ್ ರನ್ನಿಂಗ್ ಅಂದ್ರ ಓಡಿ ಬರೋದು. ಗೋ ಸ್ವಿಮ್ಮಿಂಗ್ ಅಂದ್ರ ಈಜಾಕ ಹೋಗೋದು. ಹೌದಲ್ರೀ?"

"ಹೌದು."

"ಒಂದ್ರಾಗ ಹೆಂಗ ಬಂದ ಅಂತ ಹೇಳ್ತೈತಿ, ಇನ್ನೊಂದ್ರಾಗ ಯಾಕ ಹೋದ ಅಂತ ಹೇಳ್ತೈತಿ. ಇಂಗ್ ಅನ್ನೋ ಬಾಲ ಎರಡಕ್ಕೂ ಒಂದ ಐತಿ. ಕೇಳಿದವರಿಗೆ ಹೆಂಗ್ರೀ ತಿಳೀಬೇಕು?"

"ತಿಳೀತೈತಿ."

"ಅದರ ಮುಂದ ಮತ್ತ ಇನ್‌ಟು, ಅಕ್ರಾಸ್, ಥ್ರೂ, ಟುವರ್ಡ್ಸ್. ವಾಕಿಂಗ್ ಇನ್ ಅಂದ್ರ ನೀರಾಗ ಅಡ್ಡಾಡೋದು. ವಾಕಿಂಗ್ ಇನ್‌ಟು ಅಂದ್ರ ನೀರಿಗೆ ಇಳಿಯೋದು. ಒಂಚೂರು ತಪ್ಪಿದ್ರ ಮುಗೀತ್ರಿ. ನನಗ ನಿದ್ದಿ ಬಂದಿಲ್ರೀ ಅಜ್ಜಾರ."

ಅವನು ನೋಟ್‌ಬುಕ್ ತೋರಿಸಿದ. 'ಪ್ಲೀಸ್ ಕೀಪ್ ವಾಕಿಂಗ್ ಬಿಹೈಂಡ್ ಮಿ' ಎಂಬ ಒಂದೇ ವಾಕ್ಯವನ್ನು ಹನ್ನೊಂದು ಸಲ ಬರೆದು, ಹನ್ನೊಂದು ಸಲವೂ ಹೊಡೆದು ಹಾಕಿದ್ದ.

ಅಜ್ಜಾರು ನೆನೆದ ಧೋತರದ ಒಂದು ತುದಿಯನ್ನು ಅವನತ್ತ ಚಾಚಿದರು. "ಹಿಡಿ ಇದನ್ನ."

ಮುರಿಗೆಪ್ಪ ನೋಟ್‌ಬುಕ್ ಕೆಳಗಿಟ್ಟು ಹಿಡಿದ. ಇಬ್ಬರೂ ಸೇರಿ ಹಿಂಡಿದರು. ನೀರು ದಬದಬ ಸುರಿಯಿತು.

"ನೀ ಎತ್ತಾಗ ತಿರುವಿದಿ? ಬಲಕ್ಕೋ, ಎಡಕ್ಕೋ?"

ಮುರಿಗೆಪ್ಪ ತನ್ನ ಕೈ ನೋಡಿಕೊಂಡ. "ನೋಡ್ಲಿಲ್ರೀ."

"ನಾನೂ ನೋಡ್ಲಿಲ್ಲ," ಎಂದು ಅಜ್ಜಾರು ಧೋತರ ಕೊಡವಿ, ಒಣಹಾಕಲು ಹೋದರು.

ಮುರಿಗೆಪ್ಪನಿಗೆ ಸಿಟ್ಟು ಬಂತು. ಇಲ್ಲಿ ತನ್ನ ಜೀವ ಹೋಗುತ್ತಿದ್ದರೆ ಇವರಿಗೆ ಬಟ್ಟೆಯ ಚಿಂತೆ.

ಎಡಿತ್ ಮಧ್ಯಾಹ್ನ ಹನ್ನೆರಡಕ್ಕೆ ಬಂದರು. ಬಿಳಿ ಕೂದಲು, ಮೊಣಕಾಲಿಗೆ ಮಡಚಿದ ಪ್ಯಾಂಟು, ಮುಖದ ತುಂಬ ನಗು. ಅವರು "ಹಲೋ" ಅಂದರು. ಮುರಿಗೆಪ್ಪ ಕೈಮುಗಿದ. ಅದೊಂದಕ್ಕೆ ವ್ಯಾಕರಣದ ಕಾಟ ಇಲ್ಲವಲ್ಲ.

ಹೊಳೆಯನ್ನು ನಡೆದು ದಾಟುವ ಜಾಗಕ್ಕೆ ಅಲ್ಲಿ ಹಾಯ್ಗಡ ಎನ್ನುತ್ತಾರೆ. ನೀರು ಮೊಣಕಾಲುದ್ದ. ಆದರೆ ದಾರಿ ನೇರ ಇಲ್ಲ. ಸ್ವಲ್ಪ ದೂರ ಹೋಗಿ ಎಡಕ್ಕೆ ಹೊರಳಿ, ಬಳಸಿಕೊಂಡು ಒಂದು ಕರಿಬಂಡೆ ಮುಟ್ಟಬೇಕು. ಬಂಡೆ ಕಾಣುತ್ತದಲ್ಲ ಎಂದು ನೇರ ನಡೆದರೆ ನಡುವೆ ಮಡುವು, ಎರಡಾಳು ಆಳ.

ಅದಕ್ಕೇ ಅಲ್ಲೊಂದು ರೂಢಿ. ದಾಟಿಸುವವನು ಕೋಲು ಊರುತ್ತ ಮುಂದೆ ನಡೆಯಬೇಕು. ಹಿಂದೆ ಬರುವವರಿಂದ ಒಂದು ಕೋಲಿನ ಉದ್ದಕ್ಕಿಂತ ಹೆಚ್ಚು ದೂರ ಹೋಗಬಾರದು.

ಮುರಿಗೆಪ್ಪ ಎಷ್ಟೋ ಮಂದಿಯನ್ನು ಹಾಗೆ ದಾಟಿಸಿದ್ದ. ಅವರೆಲ್ಲ ಕನ್ನಡದವರು.

ಇವತ್ತು ಬೆನ್ನ ಹಿಂದೆ ಇಂಗ್ಲಿಷ್ ಬರುತ್ತಿತ್ತು. ಎಡಿತ್ ಏನಾದರೂ ಕೇಳಿಬಿಟ್ಟರೆ? ಆ ಭಯಕ್ಕೆ ಅವನ ಕಾಲುಗಳು ತಾವಾಗಿಯೇ ಚುರುಕಾದವು. ಒಂದು ಕೋಲು ಎರಡಾಯಿತು, ಎರಡು ಹತ್ತಾಯಿತು. ಕರಿಬಂಡೆ ಹತ್ತಿ, ಉಸಿರು ತಗೊಂಡು, ಈಗ ಒಂದು ಒಳ್ಳೆಯ ವಾಕ್ಯ ಹೇಳೋಣವೆಂದು ತಿರುಗಿದ.

ಎಡಿತ್ ಅವನನ್ನೇ ನೋಡುತ್ತ, ನಗುತ್ತ, ನೇರ ಬರುತ್ತಿದ್ದರು.

ಮಡುವು ಅವರಿಂದ ಎಂಟು ಹೆಜ್ಜೆ.

ಸ್ಟಾಪ್ ವಾಕಿಂಗ್ ಅನ್ನಬೇಕು. ಸ್ಟಾಪ್ ಟು ವಾಕ್ ಅಂದರೆ ಅರ್ಥವೇ ಬೇರೆ. ಟುವರ್ಡ್ಸ್ ಮಿ ಅನ್ನಲೇಬಾರದು, ಅದು ಮಡುವಿನ ದಾರಿ. ಅರೌಂಡ್ ಅನ್ನಬೇಕೋ, ಅಲಾಂಗ್ ಅನ್ನಬೇಕೋ? ಬಾಯಿ ತೆರೆದಿತ್ತು. ಗಾಳಿ ಬಿಟ್ಟರೆ ಏನೂ ಹೊರಬರಲಿಲ್ಲ.

ಐದು ಹೆಜ್ಜೆ. ನೀರು ತೊಡೆಗೆ ಬಂತು. ನಾಲ್ಕು. ಎಡಿತ್ ಅವರ ನಗು ಹೋಯಿತು.

ಮುರಿಗೆಪ್ಪ ಬಂಡೆಯಿಂದ ಧುಮುಕಿದ. ಬಳಸು ದಾರಿಯಲ್ಲಿ ನೀರು ಒದೆಯುತ್ತ ಓಡಿದ. "ನಿಂದ್ರವ್ವಾ, ನಿಂದ್ರು, ನೋ ಕಮ್, ನೋ ಕಮ್" ಎಂದು ಕೂಗಿದ್ದು ತನ್ನದೇ ಗಂಟಲು ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಎಡಿತ್ ನಿಂತರು. ಅವನು ಅವರ ರಟ್ಟೆ ಹಿಡಿದು ಹಿಂದಕ್ಕೆಳೆದ. ನಡುಗಡ್ಡೆ ಮುಟ್ಟುವವರೆಗೂ ಹಿಡಿದ ಕೈಯನ್ನು ಇಬ್ಬರೂ ಬಿಡಲಿಲ್ಲ.

ನಡುಗಡ್ಡೆಯಲ್ಲಿ ಅವರನ್ನು ಶಾಸನದ ಮುಂದೆ ಕೂರಿಸಿ ಮುರಿಗೆಪ್ಪ ಒಬ್ಬನೇ ವಾಪಸ್ ಬಂದ. ಅಜ್ಜಾರು ದಂಡೆಯಲ್ಲಿ ನಿಂತಿದ್ದರು. ಅವರು ಉಟ್ಟಿದ್ದ ಧೋತರ ಸೊಂಟದವರೆಗೆ ಒದ್ದೆಯಾಗಿತ್ತು; ಕೂಗು ಕೇಳಿ ಅವರೂ ಹೊಳೆಗಿಳಿದಿರಬೇಕು.

"ಮುಗೀತ್ರಿ," ಎಂದ ಮುರಿಗೆಪ್ಪ. "ನಾ ಊರಿಗೆ ಹೊಂಟೆ. ಒಂದು ವಾಕ್ಯ ನೆಟ್ಟಗ ಬರಲಿಲ್ಲ. ನೋ ಕಮ್ ಅಂದೆ. ಅದೂ ಒಂದು ಇಂಗ್ಲಿಷ್ ಏನ್ರೀ?"

"ಎಡಿತ್ ಬಾಯಾರು ನಿಂತ್ರಲ್ಲ."

"ನಿಂತ್ರು. ಆದ್ರ ತಪ್ಪು ಮಾತಾಡಿದೆ."

"ಅದನ್ನ ಯಾರು ಕೇಳ್ಯಾರ? ಎಷ್ಟು ಕೋಲು ಮುಂದ ಹೋಗಿದ್ದಿ, ಅದನ್ನ ಹೇಳು."

ಮುರಿಗೆಪ್ಪ ತಲೆ ತಗ್ಗಿಸಿದ. "ಹತ್ತು ಇರಬೇಕ್ರೀ."

"ಯಾಕ?"

ಅವನು ಕೋಲು ಕೆಳಗಿಟ್ಟ.

"ಹೆದರಿಕಿ ಆತ್ರೀ. ಅವರೇನರ ಕೇಳಿದ್ರ ನಗೆಪಾಟಲಾಗ್ತೀನಂತ." ಕಣ್ಣಲ್ಲಿ ನೀರು ಬಂತು, ಅದಕ್ಕೂ ನಾಚಿಕೆಯಾಯಿತು. "ನನ್ನ ಮರ್ಯಾದಿ ನೋಡ್ಕೊಂಡೆ ಅಜ್ಜಾರ. ಅವರನ್ನ ನೋಡ್ಲಿಲ್ಲ."

ಅಜ್ಜಾರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ತಲೆಯೆತ್ತಿ ಬಿಸಿಲು ನೋಡಿದರು.

"ನಾಲ್ಕಕ್ಕ ಮ್ಯಾಲಿನ ಡ್ಯಾಮಿನಿಂದ ನೀರು ಬಿಡ್ತಾರ. ಅದಕ್ಕಿಂತ ಮೊದಲ ಬಾಯಾರನ್ನ ಈ ದಂಡಿಗೆ ಕರಕೊಂಡು ಬರಬೇಕು. ನಡಿ."

"ನಾ ಒಲ್ಲೇರಿ. ಬ್ಯಾರೆಯವರನ್ನ ಕಳಸ್ರಿ. ಅವರಿಗೆ ನನ್ನ ಮ್ಯಾಲ ನಂಬಿಕಿ ಎಲ್ಲಿ ಉಳದೈತಿ?"

"ನಂಬಿಕಿ ಇಲ್ಲದವರು ಕೈ ಹಿಡಕೊಂಡು ದಾಟಿದ್ರೇನು?"

ಮುರಿಗೆಪ್ಪ ಹೊಳೆಯತ್ತ ನೋಡಿದ. ದೂರದಲ್ಲಿ ಎಡಿತ್ ಸಣ್ಣಗೆ ಕಾಣುತ್ತಿದ್ದರು. ಶಾಸನ ಬಿಟ್ಟು, ನಡುಗಡ್ಡೆಯ ಅಂಚಿಗೆ ಬಂದು ಈ ದಂಡೆಯ ಕಡೆ ನೋಡುತ್ತ ನಿಂತಿದ್ದರು.

ಕೋಲು ಕೈಗೆತ್ತಿಕೊಂಡ. ಎರಡು ಮೆಟ್ಟಿಲು ಇಳಿದು, ತಡೆಯಲಾರದೆ ತಿರುಗಿದ.

"ಅಜ್ಜಾರ, ಬರೋವಾಗ ಏನಂತ ಹೇಳ್ಲಿ? ಕಮ್ ಅನ್ಲೋ, ಗೋ ಅನ್ಲೋ? ಅಕ್ರಾಸ್ ಅನ್ಲೋ, ಥ್ರೂ ಅನ್ಲೋ? ಇದೊಂದು ಹೇಳಿಕೊಡ್ರಿ, ಸಾಕು."

ಅಜ್ಜಾರು ಧೋತರದ ಅಂಚು ಹಿಂಡಿಕೊಳ್ಳುತ್ತ ಅಂದರು:

"ನೀರು ಅವರಿಗೆ ಎಲ್ಲೀಮಟ ಬರ್ತೈತಿ ನೋಡು. ಅಲ್ಲೀಮಟ ನೀನೂ ತೋಯ್ಸ್ಕೋ. ಆಮ್ಯಾಲ ಏನರ ಅನ್ನು."