ಸೀತಾಳೆ ಗಿಡಕ್ಕೆ ಬಂದ ಹತ್ತಿ ಹೊದ್ದ ನೆಂಟರು

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ಗಿಳಿಯನ್ನು ಮುಟ್ಟಿದರೆ ಕೈಗೆ ಹಸಿರು ಅಂಟುತ್ತಿತ್ತು. ನದಿಗೆ ತನ್ನ ದಾರಿ ಗೊತ್ತಿರಲಿಲ್ಲ. ಎದುರು ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು.

ಆ ಕಾಲದಲ್ಲಿ ಒಂದು ಹಲಸಿನ ಮರದ ತಗ್ಗಿನ ಕೊಂಬೆಯ ಮೇಲೆ ಸೀತಾಳೆ ಎಂಬವಳಿದ್ದಳು. ಈಗ ನಾವು ಆರ್ಕಿಡ್ ಅಂತ ಕುಂಡದಲ್ಲಿಟ್ಟು ಮುದ್ದು ಮಾಡುತ್ತೇವಲ್ಲ, ಆ ಗಿಡಗಳ ಮುತ್ತಜ್ಜಿ.

ಸೀತಾಳೆ ಅಲ್ಲಿಯವರೆಗೆ ಒಂದು ಹೂವನ್ನೂ ಬಿಟ್ಟಿರಲಿಲ್ಲ. ಮೂರು ವರ್ಷದಿಂದ ಮಂಜು ಕುಡಿದು, ಮಳೆ ಕುಡಿದು, ಎಲೆಯೊಳಗೆ ಸಿಹಿ ರಸ ಕೂಡಿಡುತ್ತಿದ್ದಳು. ಆ ವರ್ಷ ಕೊನೆಗೂ ಐದು ಮೊಗ್ಗಿನ ಒಂದು ಕಡ್ಡಿ ಹೊರಗೆ ಇಣುಕಿತು.

"ಹಲಸಜ್ಜ, ನೋಡಿದೆಯಾ?"

"ನೋಡಿದೆ ಕಣಮ್ಮಾ. ಬೆಳಗಿನಿಂದ ಹದಿನಾರು ಸಲ ತೋರಿಸಿದ್ದೀಯ."

ಒಂದು ಸಂಜೆ ಯಾರೋ ತೆವಳಿಕೊಂಡು ಬಂದರು. ತಿಗಣೆ, ಮಂಚದ ತಿಗಣೆಯಲ್ಲ, ಗಿಡದ ರಸ ಹೀರುವ ಹಿಟ್ಟುತಿಗಣೆ. ಮೈಮೇಲೆ ರೆಕ್ಕೆಯಿಲ್ಲ, ಕೂದಲಿಲ್ಲ, ಹಾಲಿನ ಕೆನೆಯಂಥ ತೆಳು ಚರ್ಮ.

"ಅಕ್ಕಾ, ಒಂಚೂರು ನೀರು ಸಿಗುತ್ತಾ?"

ಸೀತಾಳೆ ಮರ್ಯಾದಸ್ಥರ ಪೈಕಿ. ಮನೆಗೆ ಬಂದವರಿಗೆ ಬರೀ ನೀರು ಕೊಡುವುದುಂಟೆ? ಜೊತೆಗೊಂದು ಚೂರು ಬೆಲ್ಲ ಬೇಡವೇ? ಅವಳ ರಸದಲ್ಲಿ ನೀರೂ ಬೆಲ್ಲವೂ ಒಟ್ಟಿಗೇ ಇದ್ದವು. "ಕೂತ್ಕೋಮ್ಮ, ದಣಿದು ಬಂದಿದ್ದೀಯ" ಎಂದು ಎಲೆಯ ಸಂದಿ ತೋರಿಸಿದಳು. ತಿಗಣೆ ಸೂಜಿಯಂಥ ಮೂತಿ ಊರಿ ಕುಡಿದಳು.

"ಸಾಕಾ?"

"ಇನ್ನೊಂದೇ ಗುಟುಕು."

ಮರುದಿನ ಕೇಳಿದಾಗಲೂ ಇನ್ನೊಂದೇ ಗುಟುಕು. ನಾಲ್ಕನೆಯ ದಿನ ತಂಗಿಯರು ಬಂದರು. ಆಮೇಲೆ ಮಕ್ಕಳು ಹುಟ್ಟಿದರು. ಎಲ್ಲರಿಗೂ ಇನ್ನೊಂದೇ ಗುಟುಕು.

"ಅಕ್ಕಾ, ನಿನ್ನ ಮನೇಲಿ ಯಾಕೋ ಚಳಿ" ಎಂದಳು ತಿಗಣೆ. ಸೀತಾಳೆಗೆ ನಾಚಿಕೆಯಾಯಿತು. ಗಾಳಿಯನ್ನು ಕರೆದು ಬೂರುಗದ ಮರದಿಂದ ಹತ್ತಿ ತರಿಸಿದಳು. ಜೇನುಹುಳದ ಹತ್ತಿರ ಮೇಣ ಬೇಡಿ ತರಿಸಿದಳು. ನೆಂಟರು ಹತ್ತಿ ಹೊದ್ದು, ಮೇಲೆ ಮೇಣ ಸವರಿಕೊಂಡು ಬೆಚ್ಚಗೆ ಕೂತರು. ಇನ್ನು ಮಳೆ ಬಂದರೂ ಹನಿ ಜಾರಿ ಹೋಗುತ್ತಿತ್ತೇ ಹೊರತು ಅವರು ಒದ್ದೆಯಾಗುತ್ತಿರಲಿಲ್ಲ.

ಕುಡಿದದ್ದು ಹೆಚ್ಚಾಗಿ ಅವರ ಮೈಯಿಂದ ಸಿಹಿ ಹನಿ ತೊಟ್ಟಿಕ್ಕತೊಡಗಿತು. ಅದನ್ನು ನೆಕ್ಕಲು ಇರುವೆಗಳು ಸಾಲುಗಟ್ಟಿ ಬಂದವು, ಹಾಗೇ ಕಾವಲಿಗೂ ನಿಂತವು. ತಿಗಣೆ ತಿನ್ನಲು ಬಂದ ಗುಲಗಂಜಿ ಹುಳವನ್ನು ಬಾಗಿಲಲ್ಲೇ ತಡೆದವು: "ಅಮ್ಮಾವ್ರು ಊಟಕ್ಕೆ ಕೂತಿದ್ದಾರೆ. ಆಮೇಲೆ ಬಾ."

"ನಾನೂ ಊಟಕ್ಕೇ ಬಂದಿದ್ದು!" ಎಂದಿತು ಹುಳ. ಯಾರೂ ಕೇಳಲಿಲ್ಲ.

ಸೀತಾಳೆಯ ಎಲೆ ಹಳದಿಯಾಯಿತು. ಒಂದು ಮೊಗ್ಗು ಉದುರಿತು. ಇನ್ನೊಂದು ಉದುರಿತು.

"ಎದ್ದು ಹೋಗಿ ಅನ್ನಬಾರದೇನಮ್ಮ?" ಎಂದಿತು ಹಲಸಿನ ಮರ.

"ಬೆಲ್ಲ ನೀರು ಕೊಟ್ಟು ಕೂರಿಸಿದವಳು ನಾನೇ ಅಜ್ಜ. ಯಾವ ಬಾಯಲ್ಲಿ ಏಳಿ ಅನ್ನಲಿ?"

ಮೂರನೆಯದೂ ಉದುರಿತು.

ನಾಲ್ಕನೆಯದು ಹೋಗಿ ಬಿದ್ದದ್ದು ಪಕ್ಕದ ಗುಡಿಸಲಿನ ಕೆಂಚಕ್ಕನ ಬೋಗುಣಿಗೆ. ಮರದ ಬುಡದಲ್ಲಿ ಆಕೆ ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ನೊರೆ ಎಬ್ಬಿಸಿ ತಲೆ ತೊಳೆಯುತ್ತಿದ್ದಳು. ಒಂದು ಕಣ್ಣು ಮುಚ್ಚಿಕೊಂಡೇ ಮೇಲೆ ನೋಡಿದಳು.

"ಯಾರೇ ಅದು, ಅರಳದೇ ಇರೋ ಮೊಗ್ಗು ಉದುರಿಸ್ತಿರೋದು?"

ಸೀತಾಳೆ ಉಳಿದ ಒಂದೇ ಮೊಗ್ಗನ್ನು ನೋಡಿದಳು. ಮೆಲ್ಲಗೆ ಹೇಳಿದಳು: "ಕೆಂಚಕ್ಕಾ, ನೆಂಟರು ಏಳ್ತಿಲ್ಲ. ನನ್ನ ಕೈಲಿ ಹೇಳೋಕಾಗ್ತಿಲ್ಲ. ನೀನು ಹೇಳ್ತೀಯಾ?"

"ಹೇಳೋದೇನು, ಒರೆಸ್ತೀನಿ."

ಕೆಂಚಕ್ಕ ಸೆರಗಿನ ತುದಿಯನ್ನು ನೊರೆಯಲ್ಲಿ ಅದ್ದಿದಳು. ಮಳೆಗೆ ಬಗ್ಗದ ಮೇಣ ಅಂಟುವಾಳಕ್ಕೆ ಬಗ್ಗಿತು. ಎಲೆಯ ಮೇಲೆ ಒರೆಸಿದಳು, ಎಲೆಯ ಕೆಳಗೆ ಒರೆಸಿದಳು, ಮೊಗ್ಗಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಒರೆಸಿದಳು. "ನಮ್ಮದೇನಿಲ್ಲಮ್ಮ, ನಾವು ಬರೀ ಕಾವಲಿನವರು" ಎನ್ನುತ್ತ ಇರುವೆಗಳು ಇಳಿದು ಓಡಿದವು.

ಕೊನೆಯ ಎಲೆಯ ಸಂದಿಗೆ ಕೈ ಹೋದಾಗ ಸೀತಾಳೆ ಕೂಗಿದಳು, "ಅಲ್ಲಿ ಬೇಡ! ಅಲ್ಲಿ ಮರಿಗಳಿವೆ. ನಿನ್ನೆ ಹುಟ್ಟಿದ್ದು."

ಕೆಂಚಕ್ಕನ ಕೈ ನಿಂತಿತು. "ನಾಳೆ ಇವೂ ದೊಡ್ಡವಾಗ್ತವೆ ಕಣೇ."

"ಗೊತ್ತು."

"ಮತ್ತೆ ಕುಡೀತವೆ."

"ಗೊತ್ತು ಕೆಂಚಕ್ಕ."

ಕೆಂಚಕ್ಕ ಬುದ್ಧಿ ಹೇಳಬಹುದಿತ್ತು. ಆದರೆ ಮನೆಯಲ್ಲಿ ಇಂಥ ನೆಂಟರನ್ನು ಆಕೆಯೂ ಸಾಕಿದ್ದಳೋ ಏನೋ, ಸೆರಗು ಹಿಂಡಿಕೊಂಡು ಇಷ್ಟೇ ಅಂದಳು: "ಸರಿ. ನೀನು ಅವರಿಗೆ ಬೇಡ ಅನ್ನಬೇಡ, ನಾನು ಒರೆಸೋದು ಬಿಡಲ್ಲ. ಎಂಟು ದಿನಕ್ಕೊಂದು ಸಲ ತಲೆ ತೊಳೆಯೋಕೆ ಇಲ್ಲಿಗೇ ಬರ್ತೀನಿ."

ಬಂದಳು. ಪ್ರತಿ ಎಂಟು ದಿನಕ್ಕೂ ಬಂದಳು. ಮೂರನೆಯ ಸಲ ಬಂದಾಗ ಉಳಿದಿದ್ದ ಒಂದೇ ಮೊಗ್ಗು ಅರಳಿತ್ತು, ನಸುಗೆಂಪು ಬಣ್ಣದಲ್ಲಿ. ಸೀತಾಳೆ ಅದನ್ನು ಹಲಸಜ್ಜನಿಗೆ ಎಷ್ಟು ಸಲ ತೋರಿಸಿದಳೋ ಲೆಕ್ಕವಿಲ್ಲ.

ಅದಕ್ಕೇ ಮರೀ, ನಮ್ಮ ಕಿಟಕಿಯ ಆರ್ಕಿಡ್ ಗಿಡವನ್ನು ಅಮ್ಮ ಎಷ್ಟೇ ಚೆನ್ನಾಗಿ ಒರೆಸಿದರೂ, ಎಂಟು ದಿನ ಬಿಟ್ಟು ನೀನು ಬಗ್ಗಿ ನೋಡಿದರೆ, ಯಾವುದೋ ಒಂದು ಎಲೆಯ ಸಂದಿಯಲ್ಲಿ ಚಿಟಿಕೆಯಷ್ಟು ಬಿಳಿ ಹತ್ತಿ ಇವತ್ತಿಗೂ ಇದ್ದೇ ಇರುತ್ತದೆ.