ಬೆಲೆ ಹೇಳಿದ ಹಲಸಿನ ಮಣೆ

ಒಂದಾನೊಂದು ಊರು. ಊರಿಗೆ ಹೆಸರಿತ್ತು, ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ, ಬೇಡ. ಆ ಊರಲ್ಲಿ ಮುದ್ದಾಚಾರಿ ಅಂತ ಒಬ್ಬ ಬಡಗಿ ಇದ್ದನಂತೆ. ಅವನು ಮರದ ಕುದುರೆ ಮಾಡಿದರೆ ನೋಡಿದವರು ಹುಲ್ಲು ತರಲು ಓಡುತ್ತಿದ್ದರಂತೆ. ಕಡಗೋಲು ಮಾಡಿದರೆ ಮೊಸರು ಹೆದರಿ ತಾನಾಗೇ ಬೆಣ್ಣೆ ಬಿಡುತ್ತಿತ್ತಂತೆ. ಇದನ್ನೆಲ್ಲ ನಂಬಲೇಬೇಕು ಅಂತೇನಿಲ್ಲ. ಕೈ ಮಾತ್ರ ಒಳ್ಳೆಯದಿತ್ತು.

ಬಾಯಿ ಒಳ್ಳೆಯದಿರಲಿಲ್ಲ. ಬೈಯುವ ಬಾಯಲ್ಲ, ಬೆಲೆ ಹೇಳುವ ಬಾಯಿ. ಸಂತೆಯಲ್ಲಿ ಯಾರಾದರೂ "ಏನಪ್ಪ ಆಚಾರಿ, ಈ ಲಟ್ಟಣಿಗೆ ಎಷ್ಟು?" ಅಂದರೆ ಸಾಕು, ಶುರು.

"ಎಂಟಾಣೆ... ಜಾಸ್ತಿ ಆಯ್ತೇನೋ, ಆರು ಕೊಡಿ... ಮನೇಲಿ ಮಕ್ಕಳಿದ್ದಾರಾ? ಹಾಗಾದ್ರೆ ನಾಲ್ಕು ಸಾಕು."

ಕೇಳಿದವರು ಇನ್ನೂ ಚೌಕಾಸಿಗೆ ಬಾಯಿ ತೆರೆದೇ ಇರುತ್ತಿರಲಿಲ್ಲ. "ತಾನಾಗೇ ಇಳಿಸ್ತಾನೆ ಅಂದ್ರೆ ಒಳಗೆ ಹುಳ ಹಿಡಿದಿರಬೇಕು" ಅಂತ ಲಟ್ಟಣಿಗೆ ಕೆಳಗಿಟ್ಟು ಹೋಗುತ್ತಿದ್ದರಂತೆ.

ಹೀಗಾಗಿ ತುಂಬಿಕೊಂಡು ಹೋದ ಗಾಡಿ ತುಂಬಿಕೊಂಡೇ ಬರುತ್ತಿತ್ತು. ಉಳಿದದ್ದನ್ನು ಅವನ ಹೆಂಡತಿ ಸಾವಂತ್ರಿ ಸ್ನಾನದ ಹಂಡೆಯ ಒಲೆಗೆ ಇಡುತ್ತಿದ್ದಳು. ಮರದ ಆನೆ ಉರಿದು ಕಾದ ನೀರಲ್ಲಿ ಮೀಯುತ್ತಾ ಮುದ್ದಾಚಾರಿ ಅಳುತ್ತಿದ್ದನಂತೆ. ಕೇಳಿದರೆ ಸೀಗೆಪುಡಿ ಕಣ್ಣಿಗೆ ಹೋಯಿತು ಅನ್ನುತ್ತಿದ್ದನಂತೆ.

ಹೀಗಿರಲಾಗಿ ವರ್ಷದ ದೊಡ್ಡ ಸಂತೆ ಬಂತು. ಗಾಡಿ ಹೊರಡುವಾಗ ಸಾವಂತ್ರಿ ಅಡ್ಡ ನಿಂತಳು.

"ನೋಡ್ರೀ, ಈ ಸಲ ಒಂದೇ ಒಂದು ಸಾಮಾನು ಮಾರದೆ ವಾಪಸು ಬಂದರೂ, ಅದರ ಜೊತೆ ನಿಮ್ಮ ಉಳಿ ಬಾಚಿಯ ಹಿಡಿಗಳೂ ಒಲೆಗೇ. ನೀವು ನಮ್ಮಣ್ಣನ ಗದ್ದೇಲಿ ಕಳೆ ಕೀಳೋಕೆ ಹೋಗಿ."

ಮುದ್ದಾಚಾರಿಗೆ ಜೀವವೇ ಹೋದಂತಾಯಿತು. ಉಳಿ ಹಿಡಿಯದ ಕೈ ಯಾತಕ್ಕೆ? ಅದೇ ಚಿಂತೆಯಲ್ಲಿ ಎತ್ತು ಹೊಡೆಯುತ್ತಾ ಹೋದ. ಹೋದ, ಹೋದ, ಹೊಳೆ ದಾಟಿದ, ಹೊಲ ದಾಟಿದ. ಆಗ ಗಾಡಿಯ ಮೇಲಿದ್ದ ಹಲಸಿನ ಮಣೆ ಮಾತಾಡಿತಂತೆ.

"ಲೋ ಆಚಾರಿ, ನಿಧಾನ ಹೊಡಿಯೋ. ಸೊಂಟ ಹೋಯ್ತು."

"ಯಾ... ಯಾರದು?"

"ಹೊನ್ನಜ್ಜಿ. ಸಂತೇಲಿ ಬದನೆಕಾಯಿ ಮಾರ್ತಿದ್ದೆ. ಒಬ್ಬಳ ಜೊತೆ ಚೌಕಾಸಿ ಮಾಡ್ತಾ ಮಾಡ್ತಾ ಪ್ರಾಣ ಹೋಯ್ತು. ವ್ಯಾಪಾರ ಕುದುರದೆ ಬಂದೆ ಅಂತ ಮೇಲಿನೋರು ಒಳಗೆ ಬಿಡಲಿಲ್ಲ. ಹಲಸಿನ ಮರದಲ್ಲಿ ಕೂತಿದ್ದೆ, ನೀನು ಕಡಿದು ಮಣೆ ಮಾಡಿದೆ."

"ತಪ್ಪಾಯ್ತು ಅಜ್ಜಿ!"

"ತಪ್ಪಿರಲಿ. ನಿನ್ನ ಹೆಂಡ್ತಿ ಹೇಳಿದ್ದು ನಂಗೂ ಕೇಳಿಸ್ತು. ಒಲೆಗೆ ಹೋಗೋ ಆಸೆ ನಂಗಿಲ್ಲ. ಬಾಯಿ ತುಂಬ ಎಲೆಅಡಿಕೆ ಹಾಕ್ಕೊಂಡು ಸುಮ್ಮನೆ ಕೂತ್ಕೋ. ಬೆಲೆ ನಾನು ಹೇಳ್ತೀನಿ."

ಸಂತೆಯಲ್ಲಿ ಅವನು ಎಂದಿನಂತೆ ಎಲ್ಲವನ್ನೂ ರಾಶಿ ಸುರಿಯಲು ಹೋದ. ಮಣೆ ಗದರಿತು. "ರಾಶಿ ಹಾಕಿದ್ರೆ ಸೌದೆ ಅಂದ್ಕೋತಾರೆ ಕಣೋ! ಒಂದೊಂದರಲ್ಲಿ ಎರಡೆರಡೇ ಇಡು, ಮಿಕ್ಕಿದ್ದು ಗೋಣಿ ಕೆಳಗಿರಲಿ. ಕುದುರೆ ಮುಂದೆ, ಲಟ್ಟಣಿಗೆ ಹಿಂದೆ. ಕೂಸು ಕುದುರೆ ನೋಡಿ ಅತ್ತು ನಿಲ್ಲಿಸ್ತದೆ, ತಾಯಿ ನಿಂತಲ್ಲೇ ಲಟ್ಟಣಿಗೆ ನೋಡ್ತಾಳೆ."

ಹಾಗೇ ಆಯಿತು. ಕೂಸು ಅತ್ತಿತು, ತಾಯಿ ನಿಂತಳು, "ಎಷ್ಟು?" ಅಂದಳು.

"ಎಂಟಾಣೆ," ಅಂತು ಮಣೆ.

"ಐದಕ್ಕೆ ಕೊಡು."

"ಐದಕ್ಕೆ ಇದರ ನೆರಳು ತಗೊಂಡು ಹೋಗವ್ವ. ಎರಡೇ ಉಳಿದಿರೋದು, ನೋಡು."

ಆಚಾರಿಯ ದನಿ ಎಲೆಅಡಿಕೆಯಿಂದ ಹಾಗಾಗಿದೆ ಅಂದುಕೊಂಡು ಅವಳು ಏಳಾಣೆ ಕೊಟ್ಟಳು, ಗೆದ್ದೆ ಅಂತ ನಕ್ಕಳು. ಕುದುರೆ ಹೋಯಿತು, ಕಡಗೋಲು ಹೋಯಿತು, ಚಕ್ಕುಲಿ ಒರಳು ಹೋಯಿತು. ಗೋಣಿಯ ಕೆಳಗೂ ಬರಿದಾಯಿತು. ಹೊತ್ತು ಇಳಿಯುವಾಗ ಉಳಿದದ್ದು ಒಂದೇ, ಆ ಹಲಸಿನ ಮಣೆ.

ಅದನ್ನು ಕೇಳಿದವರು ಕಡಿಮೆಯೇನಲ್ಲ. ಆದರೆ ಯಾರೇ ಕೇಳಲಿ, ಒಪ್ಪಿಗೆಯ ಹತ್ತಿರ ಬಂದ ಕೂಡಲೇ ಅಜ್ಜಿ ಎರಡಾಣೆ ಏರಿಸಿಬಿಡುವಳು. ಚೌಕಾಸಿ ಮುಗಿಸಲು ಅವಳಿಗೆ ಮನಸ್ಸೇ ಇಲ್ಲ!

"ಅಜ್ಜಿ, ಕೈ ಮುಗೀತೀನಿ, ಒಪ್ಕೊಂಡುಬಿಡು," ಅಂದ ಮುದ್ದಾಚಾರಿ ಎಲೆಅಡಿಕೆಯ ನಡುವಿನಿಂದ.

"ಇನ್ನೊಂದೇ ಒಂದು ಗಿರಾಕಿ ಕಣೋ," ಅಂದಳು ಅಜ್ಜಿ.

ಬಂದ ಗಿರಾಕಿ ಯಾರು? ಸಾವಂತ್ರಿ! ಗಂಡನ ವ್ಯಾಪಾರ ನೋಡೋಣ ಅಂತ ನಡೆದೇ ಬಂದಿದ್ದಳು. ಕೈಯಲ್ಲಿ ಕೊಡಲಿ ತಂದಿದ್ದಳೋ ಇಲ್ಲವೋ ಗೊತ್ತಿಲ್ಲ. ತಂದಿದ್ದರೆ ಕತೆ ಚೆನ್ನಾಗಿರುತ್ತದೆ, ಆದ್ದರಿಂದ ತಂದಿದ್ದಳು.

"ಓಹೋ, ಒಂದು ಉಳೀತಲ್ಲ. ನಡೀಲಿ ಒಲೆಗೆ," ಅಂದಳು.

"ಒಲೆಗಾ? ಒಂದು ರೂಪಾಯಿ ಇಟ್ಟು ಆಮೇಲೆ ಮುಟ್ಟು!" ಅಂತು ಮಣೆ.

ಸಾವಂತ್ರಿ ಗಂಡನ ಮುಖ ನೋಡಿದಳು. "ಏನ್ರೀ, ಕಟ್ಟಿಕೊಂಡವಳಿಗೇ ಬೆಲೆ ಹೇಳ್ತೀರಾ? ಈ ಹಲಗೆಗೆ ಒಂದು ರೂಪಾಯಾ? ನಾಲ್ಕಾಣೆ!"

ಬೆಲೆ ಕಿವಿಗೆ ಬಿದ್ದರೆ ಇಳಿಸದೆ ಇರಲಾರದ ಹೆಂಗಸು ಅವಳು. ಇಳಿಸಿದರೆ ಏರಿಸದೆ ಇರಲಾರದ ದೆವ್ವ ಇದು. ನಾಲ್ಕು ಅಂದರೆ ಹದಿನೆಂಟು, ಐದು ಅಂದರೆ ಇಪ್ಪತ್ತು. ಅಕ್ಕಪಕ್ಕದ ಅಂಗಡಿಯವರು ಗಂಟು ಕಟ್ಟುವುದನ್ನು ಬಿಟ್ಟು ಕೂತರಂತೆ. ಸಾವಂತ್ರಿ ಕೊನೆಗೆ ಕೊಡಲಿ ಎತ್ತಿದಳು.

ಮುದ್ದಾಚಾರಿ ಎಲೆಅಡಿಕೆ ಉಗಿದ. ಮಣೆಯನ್ನು ಮಡಿಲಿಗೆ ಎಳೆದುಕೊಂಡ. ಅದರ ಮೂಲೆಮೂಲೆಗೂ ಹೂ ಬಿಡಿಸಿದ್ದು ಅವನೇ ಅಲ್ಲವೇ?

"ಹನ್ನೆರಡಾಣೆ," ಅಂದ. "ಒಂದು ಕಾಸು ಇಳಿಸಲ್ಲ, ಒಂದು ಕಾಸು ಏರಿಸಲ್ಲ. ಬೇಕಾದ್ರೆ ತಗೊಳ್ಳೇ. ಬೇಡಾದ್ರೆ ದಾರಿ ಬಿಡು, ಬೇರೆಯವರು ನೋಡ್ಲಿ."

ಇಷ್ಟು ವರ್ಷದಲ್ಲಿ ಸಾವಂತ್ರಿ ಇಂಥ ದನಿಯನ್ನು ಅವನ ಬಾಯಲ್ಲಿ ಕೇಳಿರಲಿಲ್ಲ. ಕೊಡಲಿ ಇಳಿಸಿದಳು. ಮಣೆಯನ್ನು ತಿರುಗಿಸಿ ನೋಡಿದಳು, ಹೂಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಹನ್ನೆರಡಾಣೆ ಎಣಿಸಿ ಅವನ ಅಂಗೈಗೆ ಹಾಕಿದಳು.

"ಅಬ್ಬಾ, ಕುದುರಿತು!" ಅಂತ ಒಂದು ನಿಟ್ಟುಸಿರು ಕೇಳಿಸಿತಂತೆ. ಹೊನ್ನಜ್ಜಿ ಹೊರಟೇಹೋದಳು. ಮೇಲಿನವರ ಹತ್ತಿರ ಒಳಗೆ ಬಿಡಲು ಏನೇನು ಚೌಕಾಸಿ ಮಾಡಿದಳೋ, ಅದು ನಮಗೆ ಬೇಡ.

ಮಾರನೆಯ ಬೆಳಗ್ಗೆ ನೀರು ಕಾಯಿಸಲು ಸೌದೆ ಇರಲಿಲ್ಲ. ಸಾವಂತ್ರಿ ಮಣೆ ಎತ್ತಿದಳು, ಒಲೆಯ ಮುಂದೆ ನಿಂತಳು, ಮತ್ತೆ ಕೆಳಗಿಟ್ಟಳು.

"ಯಾಕೆ, ವಾಪಸು ಬಂದದ್ದನ್ನೆಲ್ಲ ಸುಡ್ತೀನಿ ಅಂದಿದ್ದೆ?" ಅಂತ ಗಂಡ ಬಾಗಿಲಲ್ಲಿ ಕೆಣಕಿದ.

"ಇದು ವಾಪಸು ಬಂದದ್ದಲ್ಲ, ನಾನು ಕೊಂಡದ್ದು. ಕಾಸು ಕೊಟ್ಟು ತಂದದ್ದನ್ನ ಯಾರಾದರೂ ಒಲೆಗೆ ಹಾಕ್ತಾರಾ? ಸುಮ್ಮನೆ ತಣ್ಣೀರು ಮೀಯಿರಿ. ಮಿಂದು ಬೇಗ ಉಳಿ ಹಿಡೀರಿ, ಮುಂದಿನ ಸಂತೆಗೆ ಗಾಡಿ ಖಾಲಿ ಇದೆ."

ಅವರು ಅಲ್ಲಿ ಮಣೆ ಹಾಕಿಕೊಂಡು ಉಂಡರು, ನಾವು ಇಲ್ಲಿ ನೆಲದ ಮೇಲೆ ಕೂತು ಎಲೆ ಕಾಯುತ್ತಿದ್ದೇವೆ.