ಸಿಕ್ಕಿಕೊಂಡ ಮೋಟಾರು

ಹೊಳೆದಂಡೆಯ ಆಶ್ರಮದಲ್ಲಿ ನೀಲಗಂಗವ್ವ ಎಂಬ ಗುರುಗಳಿದ್ದರು. ಅವರ ಬಳಿ ವಾಮದೇವನೆಂಬ ಶಿಷ್ಯ. ಅವನ ತಮ್ಮ ಮರಳು ಲಾರಿಯ ಗಾಲಿಗೆ ಸಿಕ್ಕಿ ಸತ್ತಿದ್ದ. ಲಾರಿ ಓಡಿಸಿದವನು ಊರಿನ ದೊಡ್ಡ ಕುಳ ಪರಪ್ಪನ ಮಗ. ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಕೇಸು ಬಿದ್ದುಹೋಯಿತು.

ಕೊಲ್ಲುವಷ್ಟು ಸಿಟ್ಟು ಹೊತ್ತು ಬಂದ ವಾಮದೇವನಿಗೆ ಅವ್ವ ಹೇಳಿದ್ದು ಒಂದೇ ಮಾತು: "ಸಿಟ್ಟನ್ನು ಹಿಡಿದುಕೋ."

ಅವನು ವರ್ಷಗಟ್ಟಲೆ ಹಿಡಿದುಕೊಂಡ.

ಒಂದು ದಿನ ಪರಪ್ಪನೇ ಆಶ್ರಮಕ್ಕೆ ಬಂದು ಊಟದ ಪಂಕ್ತಿಯಲ್ಲಿ ಕೂತ. ವಾಮದೇವ ಅವನ ಎಲೆಗೆ ಅನ್ನ ಬಡಿಸಿ ಅವ್ವನ ಹತ್ತಿರ ಬಂದ.

"ಅವ್ವಾ, ಅವನಿಗೂ ಅನ್ನ ಬಡಿಸಿದೆ. ಸಿಟ್ಟು ಗೆದ್ದೆ."

"ಅವನನ್ನು ಏನಾದರೂ ಕೇಳಿದೆಯಾ?"

"ಇಲ್ಲ. ಮಾತೇ ಬರಲಿಲ್ಲ."

ಅಷ್ಟರಲ್ಲಿ ಹೊಳೆಯ ಪಂಪಿನ ಸದ್ದು ಬದಲಾಯಿತು. ಇಬ್ಬರೂ ಹೋಗಿ ನೋಡಿದರು. ಪಂಪಿನೊಳಗೆ ಹಗ್ಗದ ತುಂಡು ಸಿಕ್ಕಿಕೊಂಡಿತ್ತು. ಮೋಟಾರು ಗುಂಯ್‌ಗುಡುತ್ತಿತ್ತು, ತಿರುಗುತ್ತಿರಲಿಲ್ಲ.

ವಾಮದೇವ ಸ್ವಿಚ್ಚಿಗೆ ಕೈ ಚಾಚಿದ.

"ಬಿಡು," ಎಂದರು ಅವ್ವ. "ಕರೆಂಟು ಮಿತಿ ಮೀರದ ಹಾಗೆ ಸ್ವಿಚ್ಚಿನ ಪಕ್ಕದ ಆ ಪೆಟ್ಟಿಗೆ ತಡೆಯುತ್ತದೆ ಅಂತ ನೀನೇ ಹೇಳಿದ್ದೆಯಲ್ಲ?"

"ತಡೆಯುತ್ತದೆ. ಆದರೂ..."

"ಕೂತುಕೋ."

ಕೂತರು. ಮೋಟಾರಿನ ಮೈ ಮುಟ್ಟಲಾಗದಷ್ಟು ಕಾದಿತು. ವಾರ್ನಿಷ್ ಸುಟ್ಟ ವಾಸನೆ ಬಂತು. ಆಮೇಲೆ ಹೊಗೆ. ಆಮೇಲೆ ಸದ್ದು ನಿಂತಿತು.

"ಕರೆಂಟು ಮಿತಿಯೊಳಗೇ ಇತ್ತಲ್ಲ, ಮತ್ಯಾಕೆ ಸುಟ್ಟಿತು?"

"ಅದು ತಿರುಗಿದರಲ್ಲವೇ ಅವ್ವಾ, ಅದರ ಫ್ಯಾನು ತಿರುಗೋದು? ಗಾಳಿಯಿಲ್ಲ. ಹೋದ ಕರೆಂಟೆಲ್ಲ ಒಳಗೇ ಬೆಂಕಿಯಾಯಿತು." ಹೇಳುತ್ತ ಹೇಳುತ್ತ ಅವನು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡ.

ಹೊಗೆ ಕಂಡು ಪರಪ್ಪ ಬಂದ. "ಚಿಂತೆ ಬೇಡವ್ವಾ, ಹೊಸದು ಹಾಕಿಸಿಕೊಡ್ತೀನಿ."

ವಾಮದೇವ ಎದ್ದು ಅವನೆದುರು ನಿಂತ. "ನನ್ನ ತಮ್ಮನ ಮೇಲೆ ಲಾರಿ ಹತ್ತಿಸಿದ್ದು ನಿಮ್ಮ ಮಗ. ಹೌದೋ ಅಲ್ಲವೋ ಹೇಳಿ."

ಪರಪ್ಪ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ. "ಮುಗಿದ ಕಥೆ ಈಗ್ಯಾಕೆ?" ಎಂದು ಕಾರು ಹತ್ತಿದ.

ವಾಮದೇವ ಕುಸಿದು ಕೂತು ಗಟ್ಟಿಯಾಗಿ ಅತ್ತ. ತಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅಳು ನಿಂತ ಮೇಲೆ ಕೇಳಿದ: "ಅವನನ್ನು ಕೇಳು ಅಂತ ಇಷ್ಟು ವರ್ಷ ನೀವ್ಯಾಕೆ ಹೇಳಲಿಲ್ಲ ಅವ್ವಾ?"

"ಇಲ್ಲಿ ಬೇಯೋ ಅಕ್ಕಿ ಅವನು ಕಳಿಸೋದು, ಮಗಾ."